ಹತ್ತಕ್ಕೆ ನಾಲ್ಕು

ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಊರು ದಾಟುವ ಮೊದಲು ಅಕ್ಕಿ ಗಿರಣಿಗಳ ಮುಂದೆ ಹಾಯುತ್ತದೆ. ಆವಿಯಲ್ಲಿ ಬೆಂದ ಭತ್ತದ ವಾಸನೆ, ಅದರ ಹಿಂದೆಯೇ ಹೊಟ್ಟು ಉರಿದ ಹೊಗೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ವಾಸನೆಯ ಮೇಲೆ ಸಿಟ್ಟಾಗುವುದು ತರ್ಕಕ್ಕೆ ನಿಲ್ಲುವ ಮಾತಲ್ಲ, ಗೊತ್ತು. ಆದರೆ ಎರಡು ವರ್ಷದ ಹಿಂದೆ ಜೂನ್‌ನಿಂದ ದೀಪಾವಳಿಯವರೆಗೆ ಅಕ್ಕನ ಪಕ್ಕದಲ್ಲಿ ಕೂತು ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆನೋ, ಅಷ್ಟೂ ಸಲ ಯಾವುದೋ ಒಂದು ವಾದ ಸೋತೇ ಬಸ್ಸು ಹತ್ತಿದ್ದೆ. ಕಳೆದ ಶನಿವಾರ ಮತ್ತೆ ಮಾನ್ವಿಗೆ ಹೊರಟಾಗ ಕಿಟಕಿಯಿಂದ ಅದೇ ವಾಸನೆ ಬಂತು. ಆ ವರ್ಷ ಪೂರ್ತಿ ಎದ್ದು ಬಂದು ಪಕ್ಕದಲ್ಲಿ ಕೂತಿತು.

ಆ ಜೂನ್‌ನಲ್ಲಿ ಮೋಡ ಕಟ್ಟುತ್ತಿತ್ತು, ಮಳೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚೀಲವಿಲ್ಲ, ಬೆರಳಿಗೆ ಚಾಕ್ ಪುಡಿ. ಅಕ್ಕ ಅನ್ನಪೂರ್ಣ ಮಾನ್ವಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕಿ. ಮದುವೆಯಾಗಿ ಎರಡು ವರ್ಷವಾಗಿತ್ತು, ಗಂಡನ ಮನೆ ದೇವದುರ್ಗ. ವಾರವೆಲ್ಲ ಮಾನ್ವಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ದೇವದುರ್ಗದ ಬಸ್ಸು ಹತ್ತುವುದು ಅವಳ ಕ್ರಮ. ಅವತ್ತು ಶನಿವಾರವಾಗಿರಲಿಲ್ಲ. ಎಂಟನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದವಳು ಅರ್ಧ ಲೆಕ್ಕಕ್ಕೆ ಚಾಕ್ ಇಟ್ಟು ತವರಿಗೆ ಬಂದಿದ್ದಳು.

"ಏನಾತ ಯವ್ವಾ?" ಎಂದಳು ಅವ್ವ.

"ಏನೂ ಆಗಿಲ್ಲ. ಅದ ನೋಡು, ಏನೂ ಆಗಲಾರದ ಅಳು ಬರ್ತದ. ಅಳು ನಿಂತ್ರ ಸಿಟ್ಟ ಬರ್ತದ. ಸಿಟ್ಟ ಇಳದ್ರ ಇರೂದ ಬ್ಯಾಡ ಅನ್ನಸ್ತದ."

ಹಿಂದಿನ ಭಾನುವಾರ ದೇವದುರ್ಗದಲ್ಲಿ, ಬೀಗರ ಕಡೆಯ ನಾಲ್ಕು ಜನ ಉಣ್ಣಲು ಕೂತಾಗ, ಅಕ್ಕ ರೊಟ್ಟಿಯ ಬುಟ್ಟಿಯನ್ನು ಅಂಗಳಕ್ಕೆ ಎಸೆದಿದ್ದಳಂತೆ. ಅದನ್ನು ನಮಗೆ ತಿಳಿಸಿದ್ದು ಅವಳ ಅತ್ತೆಯ ಫೋನು. ಅವರು ಕಿರುಚಲಿಲ್ಲ, ಬೈಯಲಿಲ್ಲ. ಷರತ್ತು ಇಟ್ಟರು, ಅಷ್ಟೇ: "ನಿಮ್ಮ ಮಗಳು ನಿಮ್ಮಲ್ಲೇ ಇರ್ಲಿ. ತಲಿ ಸರಿ ಅದ ಅಂತ ಡಾಕ್ಟರ್ ಬರದ ಕೊಡ್ಲಿ, ದೀಪಾವಳಿಗೆ ಕರ್ಕೊಂತೀವಿ. ಇಲ್ಲಂದ್ರ ಹಿರ್ಯಾರ್ನ ಕೂಡಸೂಣು." ಹಿರಿಯರನ್ನು ಕೂಡಿಸುವುದೆಂದರೆ ನಮ್ಮಲ್ಲಿ ಸಂಬಂಧ ಮುರಿಯುವ ಮಾತು. ಅಕ್ಕನ ಗಂಡ ಅಮರೇಶ ಮಾಮ ಆ ಫೋನಿನ ಹತ್ತಿರವೇ ಇದ್ದರು. ಅವರ ಕೆಮ್ಮು ಕೇಳಿಸಿತು, ಮಾತು ಕೇಳಿಸಲಿಲ್ಲ.

ಆಗ ನಾನು ರಾಯಚೂರಿನಲ್ಲಿ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಅವ್ವನ ದೇವರ ಜಗಲಿಯ ಪಕ್ಕದಲ್ಲೇ ಸಾಲಾಗಿದ್ದವು. ಅವುಗಳಲ್ಲಿ ದೊಡ್ಡದು ಬಂದದ್ದು, ಹೆಣ್ಣಿನ ಸಿಟ್ಟಿಗೆ ಹಾರ್ಮೋನು ಕಾರಣ ಎನ್ನುವುದು ಗಂಡಸರು ತಮ್ಮ ಅನುಕೂಲಕ್ಕೆ ಕಟ್ಟಿದ ಕಥೆ ಎಂದು ವಾದಿಸಿದ್ದಕ್ಕೆ. ಹಾಗಾಗಿ ಅವ್ವ "ತಿಂಗಳದ್ದು ಬರೂಮುಂದ ಹಿಂಗ ಆಗ್ತದ, ನನಗೂ ಆಗ್ತಿತ್ತು" ಎಂದ ಕೂಡಲೇ ನಾನು ಎದ್ದು ನಿಂತೆ.

"ಹಂಗಾರ ನೀನೂ ರೊಟ್ಟಿ ಒಗದಿದ್ದೇನ?"

"ಒಗ್ಯಾಕ ಯಾರ್ ಬಿಟ್ಟಿದ್ರು?" ಎಂದಳು ಅವ್ವ, ಹಿಟ್ಟು ನಾದುತ್ತಲೇ.

ವಾರದಲ್ಲಿ ಆರು ದಿನ ದುಡಿದು ಏಳನೆಯ ದಿನ ಗಂಡನ ಮನೆಯ ನೆಂಟರಿಗೆ ರೊಟ್ಟಿ ಬಡಿಯುವವಳು ಬುಟ್ಟಿ ಎಸೆದರೆ ಅದು ಕಾಯಿಲೆಯಲ್ಲ, ಪ್ರತಿಭಟನೆ ಎಂದು ನಾನು ವಾದಿಸಿದೆ. ಅವ್ವ ಕೇಳಿಸಿಕೊಂಡಳು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮೂರು ದಿನ ಸ್ನಾನ ಮಾಡಲಿಲ್ಲ. ನಾಲ್ಕನೆಯ ದಿನ ಮುಟ್ಟಾದಳು. ಆರನೆಯ ದಿನ ಎದ್ದು ತಲೆ ಬಾಚಿಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಪ್ರತಿಭಟನೆಗಳು ಹೀಗೆ ತಾರೀಖು ನೋಡಿಕೊಂಡು ಬಂದು ಹೋಗುವುದಿಲ್ಲ ಎಂಬುದು ನನಗೂ ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳಲು ಇನ್ನೊಂದು ತಿಂಗಳು ಹಿಡಿಯಿತು.

ಡಾಕ್ಟರರ ಸುತ್ತು ಮೊದಲೇ ಶುರುವಾಗಿತ್ತು. ಏಪ್ರಿಲ್‌ನಲ್ಲಿ ಮಾನ್ವಿಯ ಒಬ್ಬರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಮ್ಮಿ, ಅದಕ್ಕೇ ಸುಸ್ತು, ಸುಸ್ತಿಗೆ ಬೇಸರ ಎಂದು ಕಬ್ಬಿಣದ ಗುಳಿಗೆ ಬರೆದಿದ್ದರು. ಬೇಸಿಗೆ ರಜೆಯಲ್ಲಿ ಅತ್ತೆ ಕರೆದೊಯ್ದ ದೇವದುರ್ಗದ ಡಾಕ್ಟರು ಥೈರಾಯ್ಡ್ ಎಂದರು. ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಆದರೂ ಮನೆಯಲ್ಲಿ ಆ ಹೆಸರು ಉಳಿಯಿತು. ಜುಲೈನಲ್ಲಿ ನಾನು ಮತ್ತು ಅವ್ವ ರಾಯಚೂರಿನ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಎರಡು ದಿನದಿಂದ ನಿದ್ದೆ ಇರಲಿಲ್ಲ ಅವಳಿಗೆ. ಆಟೋದವನ ಮೇಲೆ ಕೂಗಾಡಿ, ಸರದಿಯಲ್ಲಿ ಕೂತವರ ಮೇಲೆ ಕೂಗಾಡಿ ಒಳಗೆ ಹೋದಳು. ಐದು ನಿಮಿಷದಲ್ಲಿ ಅವರು, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ವಿಪರೀತ ಇಳಿಯುವ ಬೈಪೋಲಾರ್ ಕಾಯಿಲೆ ಎಂದು ಬರೆದು, ಅಕ್ಕ ಎರಡು ವಾರ ಮಂಕಾಗಿ ಕೂರುವಂಥ ಗುಳಿಗೆ ಕೊಟ್ಟರು.

ಮೂರು ಚೀಟಿ, ಮೂರು ಕಾಯಿಲೆ. ನನಗೆ ಮೈ ಉರಿಯಿತು. ಚೀಟಿಗಳನ್ನು ತಂದು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತೆ. ಅಕ್ಕಿ ಗಿರಣಿಯವರು ಹಂಚುವ, ತಾರೀಖಿಗೊಂದು ದೊಡ್ಡ ಚೌಕದ ಮನೆ ಇರುವ ಕ್ಯಾಲೆಂಡರು. ಅದರಲ್ಲಿ ಅವ್ವ ನಮ್ಮಿಬ್ಬರ ಮುಟ್ಟಿನ ದಿನಗಳಿಗೂ ಕುಂಕುಮದ ಬೊಟ್ಟು ಇಡುತ್ತಿದ್ದಳು. ಹೇಳಿಕೆಯಲ್ಲಿ ನಮ್ಮದು ಸೂತಕ ಒಪ್ಪದ ಮನೆತನ. ಆದರೆ ಸೋಮವಾರದ ಗುಡಿಗೆ ಯಾರು ಬರಬಹುದು, ಯಾರು ಬಾರದು ಎಂಬ ಲೆಕ್ಕ ಅವ್ವನಿಗೆ ಬೇಕೇ ಬೇಕು. ಮದುವೆಯಾದ ಮೇಲೂ ಅಕ್ಕನನ್ನು ಫೋನಿನಲ್ಲಿ ಕೇಳಿ ಬೊಟ್ಟು ಇಡುತ್ತಿದ್ದಳು. ಆ ಬೊಟ್ಟುಗಳ ಪಕ್ಕದಲ್ಲಿ ಚೀಟಿಗಳ ತಾರೀಖು ಹಿಡಿದೆ. ಮಾನ್ವಿಯವರು ನೋಡಿದ್ದು ಮುಟ್ಟು ಮುಗಿದ ಎರಡನೆಯ ದಿನ, ಸೋತು ಸಣ್ಣಗಾದ ಅಕ್ಕನನ್ನು. ದೇವದುರ್ಗದವರು ನೋಡಿದ್ದು ನಡುವಿನ ದಿನಗಳಲ್ಲಿ. ರಾಯಚೂರಿನವರು ನೋಡಿದ್ದು ಮುಟ್ಟಾಗಲು ಎರಡು ದಿನ ಇರುವಾಗ. ರೊಟ್ಟಿ ಬುಟ್ಟಿಯೂ ಬೊಟ್ಟಿಗೆ ಐದಾರು ದಿನ ಮೊದಲು. ಮೂವರೂ ನೋಡಿದ್ದು ಅಕ್ಕನನ್ನಲ್ಲ, ಒಂದೊಂದು ತಾರೀಖನ್ನು!

ಅಲ್ಲಿಗೆ ನಾನು ಪಕ್ಷ ಬದಲಿಸಿದೆ. ಚರ್ಚೆಯವರಿಗೆ ಇದು ರೂಢಿ, ಮುಂಜಾನೆ ಪರ, ಸಂಜೆ ವಿರೋಧ. ಹಾರ್ಮೋನು ಕಟ್ಟುಕಥೆ ಎಂದಿದ್ದ ನಾನು, ಅದೇ ಬಾಯಲ್ಲಿ, ಇದು ಪೂರಾ ಮುಟ್ಟಿನ ಮುಂಚಿನ ದಿನಗಳ ಕಾಯಿಲೆ, ತಲೆಗೆ ಸಂಬಂಧವೇ ಇಲ್ಲ ಎಂದು ಹೇಳಿಕೊಂಡು ತಿರುಗಿದೆ. ಈ ವಾದದಲ್ಲಿ ಒಂದು ಲಾಭವಿತ್ತು. ಇದನ್ನು ಬರೆಸಿಕೊಂಡು ಹೋದರೆ ದೇವದುರ್ಗದ ಬಾಯಿ ಮುಚ್ಚುತ್ತದೆ.

ಸ್ಟೇಷನ್ ರಸ್ತೆಯ ಮಹಡಿಯ ಮೇಲೆ ಒಬ್ಬ ಡಾಕ್ಟರಮ್ಮ ಕೂರುತ್ತಿದ್ದರು, ಅವರೂ ಮನೋವೈದ್ಯರು. ಚೀಟಿ, ಕ್ಯಾಲೆಂಡರು ಎಲ್ಲ ಅವರ ಮೇಜಿನ ಮೇಲೆ ಹರಡಿದೆ. ಅವರು ನನ್ನನ್ನು ಬಿಟ್ಟು ಅಕ್ಕನನ್ನು ನೋಡಿದರು.

"ನಿದ್ದಿ ಇಲ್ದಾಗ ಮೈ ಹಗುರ ಇರ್ತಿತ್ತೋ, ಭಾರ ಇರ್ತಿತ್ತೋ?"

"ಭಾರ," ಎಂದಳು ಅಕ್ಕ.

"ಯಾವಾಗಾದ್ರೂ ನಿದ್ದಿ ಇಲ್ದನೂ ಭಾರಿ ಹುರುಪು, ಖುಷಿ, ಏನ್ ಬೇಕಾದ್ರೂ ಮಾಡ್ತೀನಿ ಅನ್ನೂದು?"

"ಅಂಥಾದ್ದು ಒಂದಿನ ಬಂದ್ರ ಸಾಕಾಗೇದ್ರಿ."

"ಮುಟ್ಟು ಸುರುವಾದ ಮ್ಯಾಲೆ ಪೂರಾ ಹಗುರ ಆಗ್ತದೋ, ಸ್ವಲ್ಪ ಹಗುರ ಆಗ್ತದೋ?"

"ಪೂರಾ ಆಗ್ತದ್ರಿ," ಎಂದೆ ನಾನು.

"ನಿಮ್ಮನ್ನ ಕೇಳಿಲ್ಲಮ್ಮ."

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದರು. ಬರುತ್ತದೆ ಎಂದಳು ಅಕ್ಕ, ತಲೆ ಎತ್ತದೆ. ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಂಥ ದಿನಗಳಲ್ಲಿ ಅವಳನ್ನು ಒಬ್ಬಳೇ ಬಿಡಬಾರದು, ಪ್ರತಿ ವಾರ ಬಂದು ಕೂತು ಮಾತಾಡಬೇಕು, ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು ಎಂದರು. ಹಿಂದಿನವರ ಗುಳಿಗೆಯನ್ನು ಮೆಲ್ಲಗೆ ಇಳಿಸಿದರು. ರಕ್ತವನ್ನೂ ಥೈರಾಯ್ಡನ್ನೂ ಮತ್ತೊಮ್ಮೆ ನೋಡಿಸಿದರು. ರಕ್ತ ಕಮ್ಮಿ ಇದ್ದದ್ದು ನಿಜವಿತ್ತು, ಅದಕ್ಕೆ ಕಬ್ಬಿಣದ ಗುಳಿಗೆ ಮುಂದುವರಿಯಿತು. ಕೊನೆಗೆ, ಎರಡು ತಿಂಗಳು ದಿನದಿನವೂ ಮನಸ್ಸು ಹೇಗಿತ್ತೆಂದು ಆಯಾ ದಿನವೇ ಬರೆದಿಡಬೇಕು ಎಂದು ಒಂದು ಹಾಳೆ ಕೊಟ್ಟರು.

"ಎರಡು ತಿಂಗಳಾ? ಕ್ಯಾಲೆಂಡರ್ ಐತಲ್ರೀ ಸಾಕ್ಷಿಗೆ!"

"ಇದು ಕೆಟ್ಟ ದಿನಗಳ ಸಾಕ್ಷಿ. ನನಗ ಚೊಲೋ ದಿನಗಳ ಸಾಕ್ಷಿ ಬೇಕು."

ಈ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ. ಎರಡು ತಿಂಗಳೆಂದರೆ ದೀಪಾವಳಿ ಎಷ್ಟು ಹತ್ತಿರ ಬರುತ್ತದೆ ಎಂಬುದಷ್ಟೇ ಆಯಿತು. ಅಕ್ಕ ಮಾನ್ವಿಯ ಕೋಣೆಗೆ ಬೀಗ ಹಾಕಿ ನಮ್ಮ ಮನೆಯಿಂದಲೇ ಶಾಲೆಗೆ ಓಡಾಡತೊಡಗಿದಳು. ಕೆಟ್ಟ ವಾರಗಳಲ್ಲಿ ಅವಳ ಜೊತೆ ಬಸ್ಸಿನಲ್ಲಿ ಹೋಗಿ, ಶಾಲೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕಾನೂನು ಪುಸ್ತಕ ಓದುತ್ತ ಕೂತು, ಸಂಜೆ ಕರೆದುಕೊಂಡು ಬರುವುದು ನನ್ನ ಪಾಳಿ. ಅವಳಿಗೆ ದಿನವೂ ಬರೆಯಲು ಬೇಸರ. ಹಾಳೆ ಖಾಲಿಯಿತ್ತು. ಒಂದು ಭಾನುವಾರ ನಾನೇ ಕೂತು ಮೂರು ವಾರದ್ದನ್ನು ಒಂದೇ ಗುಕ್ಕಿಗೆ ತುಂಬಿದೆ. ಸುಳ್ಳು ಬರೆದೆ ಎಂದು ನನಗೆ ಅನ್ನಿಸಲಿಲ್ಲ. ನನಗೆ ಕಂಡದ್ದನ್ನು ಬರೆದಿದ್ದೆ, ಮತ್ತು ನನಗೆ ಕಾಣಬೇಕಾದದ್ದೇ ನನಗೆ ಕಂಡಿತ್ತು.

ಡಾಕ್ಟರಮ್ಮ ಹಾಳೆ ನೋಡಿ ನಕ್ಕರು. "ಇಪ್ಪತ್ತೊಂದು ದಿನಾನೂ ಒಂದ ಪೆನ್ನ, ಒಂದ ಕೈ. ಮುಟ್ಟಾದ ಮೂರನೇ ದಿನದಿಂದ ಎಲ್ಲಾ ಸೊನ್ನಿ. ಇಷ್ಟು ಚಂದ ನಮ್ಮ ಪುಸ್ತಕದಾಗೂ ಇರೂದಿಲ್ಲ." ಹಾಳೆಯನ್ನು ಮಡಚಿ ನನಗೇ ಕೊಟ್ಟರು. "ಹೊಳ್ಳಿ ಸುರು ಮಾಡ್ರಿ."

ಹಾಗೆ ಮತ್ತೆ ಶುರುವಾದದ್ದು ಹಾಳಾಗಿದ್ದು ಶ್ರಾವಣದ ಕಡೆಯ ಸೋಮವಾರ. ಎರಡು ಮನೆಯವರೂ ದೇವಸುಗೂರಿನ ಗುಡಿಯಲ್ಲಿ ಸೇರುವುದು, ಅತ್ತೆ ಸೊಸೆಯನ್ನು ಒಮ್ಮೆ ಕಣ್ಣಾರೆ ನೋಡುವುದು ಎಂದು ಅವ್ವ ಫೋನಿನಲ್ಲಿ ಗೊತ್ತು ಮಾಡಿದ್ದಳು. ಆ ವಾರ ನಾನು ಕಲಬುರಗಿಗೆ ಸ್ಪರ್ಧೆಗೆ ಹೋಗಿ ಭಾನುವಾರ ಸಂಜೆ ಬಂದೆ. ಬರುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಗುರುವಾರಕ್ಕೆ ಮುಟ್ಟು ಬಂದಿರಬೇಕು, ಸೋಮವಾರಕ್ಕೆ ಅಕ್ಕ ಹಗುರಾಗಿರುತ್ತಾಳೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಗುಡಿಯ ಅಂಗಳದಲ್ಲಿ ಕಾಯಿ ಒಡೆಸಿಕೊಂಡು ಕೂತಾಗ ನಾನೇ ಮಾತು ತೆಗೆದೆ. "ನೋಡ್ರಿ ಅತ್ತೀ, ಅಕ್ಕಗ ಆಗೂದು ತಿಂಗಳದ್ದರ ಮುಂಚಿನ ನಾಲ್ಕು ದಿನ ಅಷ್ಟ. ಈಗ ಅದು ಆಗಿ ಹೋಗ್ಯದ. ನೀವ ಮಾತಾಡ್ಸಿ ನೋಡ್ರಿ."

ಅತ್ತೆ ಮಾತಾಡಿಸಿದರು. "ಹೆಂಗದಿ ಯವ್ವಾ?" ಎಂದರು, ಅಷ್ಟೇ. ಅಕ್ಕನ ಮುಖ ಕದಡಿತು. ದರ್ಶನಕ್ಕೆ ನಿಂತ ಸಾಲಿನವರೆಲ್ಲ ತಿರುಗಿ ನೋಡುವಂತೆ ಅತ್ತಳು, ನಿಲ್ಲಿಸಲಾಗದೆ ಅತ್ತಳು. ಅಮರೇಶ ಮಾಮ ಚಪ್ಪಲಿ ಹುಡುಕುವ ನೆಪದಲ್ಲಿ ದೂರ ಹೋದರು.

"ನೀನ ಅಂದೆಲ್ಲವ್ವಾ, ಆಗಿ ಹೋಗ್ಯದ ಅಂತ," ಎಂದರು ಅತ್ತೆ ನನಗೆ, ತಣ್ಣಗೆ. "ಅಂದಮ್ಯಾಲೆ ಇದು ತಿಂಗಳದ್ದಲ್ಲ. ತಲಿದು."

ಇಷ್ಟು ಸ್ಪರ್ಧೆಗಳಲ್ಲಿ ಯಾರೂ ನನ್ನ ಮಾತನ್ನೇ ಹಿಡಿದು ನನ್ನನ್ನು ಹೀಗೆ ಹೊಡೆದಿರಲಿಲ್ಲ. ಬಸ್ಸಿನಲ್ಲಿ ನಿಜ ಹೊರಬಿತ್ತು. ಗುರುವಾರ ಮುಟ್ಟು ಬಂದೇ ಇರಲಿಲ್ಲ. ಗುಡಿಗೆ ಅಡ್ಡಿಯಾಗಬಾರದೆಂದು ಅವ್ವ ಮೆಡಿಕಲ್ ಅಂಗಡಿಯಿಂದ ಮುಟ್ಟು ಮುಂದೆ ಹಾಕುವ ಗುಳಿಗೆ ತಂದು ಎಂಟು ದಿನದಿಂದ ಕೊಡುತ್ತಿದ್ದಳು. ಆ ಅಂಗಡಿಯವನು ಶ್ರಾವಣದಲ್ಲಿ ಅದನ್ನು ಕೇಳುವ ಮೊದಲೇ ತೆಗೆದಿಡುತ್ತಾನೆ, ಅಷ್ಟು ಮನೆಗಳಿಗೆ ಬೇಕು.

"ಡಾಕ್ಟರ್ ಬರೀರಿ ಅಂದಾರ, ನೀ ಗುಳಗಿ ಕೊಟ್ಟಿ! ತಿಂಗಳ ಪೂರಾ ಕೆಡಿಸಿದೆಲ್ಲ ಬೇ!"

"ಮತ್ತ ಗುಡಿಗಿ ಹೆಂಗ ಕರ್ಕೊಂಡ್ ಹೋಗ್ಲಿ? ಆಕಿ ಅತ್ತಿ ಬರಾಕಿ. ಹೊರಗಾಗ್ಯಾಳ, ಬರೂದಿಲ್ಲ ಅಂದಿದ್ರ, ತಪ್ಪಿಸ್ಕೊಂಡ್ರು ಅಂತಿದ್ಳು."

ಅವ್ವನ ತರ್ಕದಲ್ಲಿ ತೂತು ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಅಕ್ಕನ ಕಡೆ ತಿರುಗಿದೆ. "ನೀನಾರ ಹೇಳಬಾರದೇನ?"

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಗುಡ್ಯಾಗ ಅಷ್ಟ ಜನದ ಮುಂದ ನನ್ನ ಮೈಯಿಂದು ಹೇಳಿದಿ. ಹೇಳೂಕಿಂತ ಮೊದಲ ನನ್ನ ಕೇಳಿದ್ದೇನ?"

ಕೇಳಿರಲಿಲ್ಲ.

ಗುಳಿಗೆಯೇ ಮನಸ್ಸನ್ನು ಕದಡಿರಬಹುದು, ಆ ತಿಂಗಳನ್ನು ಎಣಿಸುವಂತಿಲ್ಲ ಎಂದರು ಡಾಕ್ಟರಮ್ಮ. ಮೂರನೆಯ ಸಲ ಮೊದಲಿನಿಂದ. ಈ ಸಲ ಅಕ್ಕ ಹಾಳೆಯನ್ನು ನಮ್ಮಿಬ್ಬರ ಕೈಗೂ ಕೊಡಲಿಲ್ಲ. ಅಡುಗೆಮನೆಯ ಕ್ಯಾಲೆಂಡರನ್ನೇ ಇಳಿಸಿಕೊಂಡಳು. ಸಂಜೆ ದೀಪ ಹಚ್ಚಿದ ಮೇಲೆ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ, ಆ ದಿನದ ಭಾರಕ್ಕೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕುತ್ತಿದ್ದಳು. ನಾನು ಇಣುಕಿದರೆ ಕೈ ಅಡ್ಡ ಹಿಡಿಯುತ್ತಿದ್ದಳು. "ನೋಡ್ಬ್ಯಾಡಲೇ. ನೋಡಿದ್ರ ವಾದ ಮಾಡ್ತಿ."

ದಸರೆ ಬಂತು. ಅಮರೇಶ ಮಾಮ ಬನ್ನಿ ಕೊಡುವ ನೆಪ ಮಾಡಿಕೊಂಡು, ತಾಯಿಗೆ ಹೇಳದೆ, ರಾಯಚೂರಿಗೆ ಬಂದು ಹೋದರು. ಅವರಿಗೆ ದೇವದುರ್ಗದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಕೈಗೆ ಸದಾ ಗ್ರೀಸಿನ ಕಲೆ. ಅಕ್ಕ ನಕ್ಕು ಮಾತಾಡಿದಳು, ಕಡುಬು ಬಡಿಸಿದಳು. ಅವ್ವ ಮಗಳಿಗೆ ದೃಷ್ಟಿ ತೆಗೆದಳು. ಸರಿ ಹೋಯಿತು ಎಂದುಕೊಂಡೆವು.

ದೀಪಾವಳಿಗೆ ಹತ್ತು ದಿನ ಇರುವಾಗ ಡಾಕ್ಟರಮ್ಮ ಆ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು. ಬೊಟ್ಟಿಗೆ ಮುಂಚಿನ ವಾರದಲ್ಲಿ ಎಂಟು, ಒಂಬತ್ತು, ಒಂಬತ್ತು. ಆಮೇಲೆ ಆರು, ಐದು. ಆಮೇಲೆ ನಾಲ್ಕು, ನಾಲ್ಕು, ನಾಲ್ಕು. ಎರಡು ತಿಂಗಳೂ ಹಾಗೇ.

"ಬರೇ ಮುಟ್ಟಿನ ಮುಂಚಿನ ಕಾಯಿಲಿ ಇದ್ದಿದ್ರ, ಮುಟ್ಟು ಮುಗದ ಮುಂದಿನ ವಾರ ಹೆಚ್ಚೂಕಡಿಮಿ ಸೊನ್ನಿ ಇರಬೇಕಿತ್ತು," ಎಂದರು. "ಇಲ್ಲಿ ಇಳೀತದ, ಆದ್ರ ನಾಲ್ಕಕ್ಕ ನಿಂದರ್ತದ. ತಿಂಗಳ ಪೂರಾ ಖಿನ್ನತಿ ಅದ. ಆ ವಾರ ಬಂದಾಗ ಅದರ ಮ್ಯಾಲೆ ಇನ್ನಷ್ಟು ಭಾರ ಬೀಳ್ತದ. ಎರಡಕ್ಕೂ ಔಷಧ ಕೊಡೂ ರೀತಿ ಬ್ಯಾರೆ. ಅದಕ್ಕ ಕಾಯಿಸಿದ್ದು."

ನಾನು ವಾದಿಸಿದೆ. ಒಂಬತ್ತರಿಂದ ನಾಲ್ಕಕ್ಕೆ ಇಳಿದರೆ ಅರ್ಧಕ್ಕಿಂತ ಹೆಚ್ಚಲ್ಲವೇ? ಐದು ತಿಂಗಳಿಂದ ಗಂಡನ ಮನೆಯವರು ಹೊರಗಿಟ್ಟರೆ ಯಾರಿಗೆ ನಾಲ್ಕು ಇರುವುದಿಲ್ಲ? ಕೊನೆಗೆ ಬೇಡುವ ದನಿಗೆ ಇಳಿದೆ. "ಮುಟ್ಟಿನ ಮುಂಚಿಂದು ಅಂತ ಅಷ್ಟ ಬರದ ಕೊಡ್ರಿ ಮೇಡಂ. ಅದು ಸುಳ್ಳಲ್ಲ. ಆ ಇನ್ನೊಂದು ಶಬ್ದ ಬಿಟ್ಟುಬಿಡ್ರಿ. ಅದನ್ನ ನೋಡಿದ್ರ ಅವರು ಹುಚ್ಚು ಅಂತ ಓದ್ತಾರ."

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಬ್ಯಾಡ. ನಾಲ್ಕು ಖರೇ ಅದ."

"ಅಕ್ಕಾ..."

"ಒಂಬತ್ತು ಬಂದಾಗ ಎಲ್ಲಾರೂ ನೋಡ್ತಾರ. ಬುಟ್ಟಿ ಅಂಗಳಕ್ಕ ಬಿದ್ರ ಎಲ್ಲಾರಿಗೂ ಸಪ್ಪಳ ಕೇಳಸ್ತದ. ನಾಲ್ಕು ಯಾರಿಗೂ ಕೇಳಸೂದಿಲ್ಲ. ನಾ ಎರಡ್ ವರ್ಷ ನಾಲ್ಕರಾಗ ರೊಟ್ಟಿ ಬಡದೀನಿ, ಲೆಕ್ಕ ಹೇಳೀನಿ, ನಕ್ಕೀನಿ. ಅದನ್ನ ಬಿಟ್ಟು ಬರದ್ರ ನನ್ನ ಬಿಟ್ಟ ಬರದಂಗ."

ದೀಪಾವಳಿಯ ಹಿಂದಿನ ದಿನ, ಎರಡನ್ನೂ ಬರೆದ ಚೀಟಿಯನ್ನೂ ಕ್ಯಾಲೆಂಡರನ್ನೂ ಹಿಡಿದು ದೇವದುರ್ಗಕ್ಕೆ ಹೋದೆವು. ಅರಕೇರಾ ದಾಟುವವರೆಗೆ ಬಸ್ಸಿನಲ್ಲಿ ನಾನು ಭಾಷಣ ಸಿದ್ಧ ಮಾಡುತ್ತಿದ್ದೆ. ಐದು ಅಂಶ, ಎರಡು ಮರುಪ್ರಶ್ನೆ. ಮನೆ ಬಂದಾಗ ಅಕ್ಕ ಹೊಸ್ತಿಲಲ್ಲಿ ನಿಂತು, "ನೀ ಕಟ್ಟಿ ಮ್ಯಾಲೆ ಕೂಡು ನೀಲಾ. ನಾ ಮಾತಾಡ್ತೀನಿ" ಎಂದಳು. ಜೀವನದಲ್ಲಿ ಮೊದಲ ಸಲ ನನ್ನ ಸರದಿ ನನಗೆ ಸಿಗಲಿಲ್ಲ. ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಅಕ್ಕನ ಸಣ್ಣ ದನಿ, ಪಾಠ ಹೇಳುವ ದನಿ. ಅದರ ಮೇಲೆ ಅತ್ತೆಯದು: "ಅಂದ್ರ ದಿನಾ ಗುಳಗಿ? ಮತ್ತ ನಾ ಅಂದಿದ್ದ ಖರೇ ಆತಲ್ಲ!" ಖರೇ ಆಗಿರಲಿಲ್ಲ, ಪೂರಾ ಸುಳ್ಳೂ ಆಗಿರಲಿಲ್ಲ. ಎದ್ದು ಒಳಗೆ ನುಗ್ಗಬೇಕೆಂದು ಕಾಲು ಕುಣಿಯಿತು. ಕೂತೇ ಇದ್ದೆ.

ಅಕ್ಕ ಹೊರಗೆ ಬಂದಳು. ಅವಳ ಹಿಂದೆ ಕ್ಯಾಲೆಂಡರು ಹಿಡಿದು ಅಮರೇಶ ಮಾಮ. ಅವರ ಹೆಬ್ಬೆರಳು ಒಂದು ಮನೆಯ ಮೇಲೆ ನಿಂತಿತ್ತು, ಅಲ್ಲಿ ಗ್ರೀಸು ಹತ್ತಿತ್ತು.

"ಇದು ಬನ್ನಿ ಕೊಟ್ಟ ದಿನ," ಎಂದರು.

"ಹೂಂ."

"ನಾ ಬಂದಿದ್ದೆ. ನೀ ನಕ್ಕಿ."

"ನಕ್ಕೆ."

"ಒಂಬತ್ತು ಹಾಕಿದಿ."

"ಹೂಂ."

ಮಾಮ ಆ ಮನೆಗೆ ಹತ್ತಿದ ಗ್ರೀಸನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, ತಮಗೇ ಹೇಳಿಕೊಂಡ ಹಾಗೆ, "ಅಂಗಡಿಗಿ ಬಂದವ್ರೆಲ್ಲಾ ಮೋಟಾರ್ ಸುಟ್ಟದ ಅಂತಾನ ಬರ್ತಾರ. ನಾ ಬಿಚ್ಚಿ ನೋಡೂತನ ನಂಬೂದಿಲ್ಲ" ಎಂದರು. "ಮನ್ಯಾಗ ಮಾತ್ರ ಬಿಚ್ಚಿ ನೋಡ್ಲಿಲ್ಲ."

ಒಳಗಿನಿಂದ ಅತ್ತೆ ಕರೆದರು. ಅವರು ಹೋಗಲಿಲ್ಲ. ನಮ್ಮನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಹೋದರು. ಅಷ್ಟೇ. ಹಿರಿಯರೂ ಕೂಡಲಿಲ್ಲ, ಅಕ್ಕ ದೀಪಾವಳಿಗೆ ಆ ಮನೆಗೂ ಹೋಗಲಿಲ್ಲ. ಅತ್ತೆ ಇವತ್ತಿಗೂ ಬಳಗದಲ್ಲಿ "ನಮ್ಮ ಸೊಸಿಗಿ ತಲಿದು ಅದ" ಎಂದೇ ಹೇಳುತ್ತಾರೆ. ಅವ್ವ ಇವತ್ತಿಗೂ ನೆರೆಯವರಿಗೆ "ರಕ್ತ ಕಮ್ಮಿ ಇತ್ರಿ" ಎನ್ನುತ್ತಾಳೆ. ಮೆಡಿಕಲ್ ಅಂಗಡಿಯವನು ಶ್ರಾವಣಕ್ಕೆ ಆ ಗುಳಿಗೆ ಈಗಲೂ ತೆಗೆದಿಡುತ್ತಾನೆ. ನನ್ನಿಂದ ಒಬ್ಬರನ್ನೂ ಒಪ್ಪಿಸಲಾಗಲಿಲ್ಲ.

ಕಳೆದ ಶನಿವಾರ ಮಾನ್ವಿಯಲ್ಲಿ ಇಳಿದು ಅಕ್ಕನ ಕೋಣೆಗೆ ಹೋದೆ. ಔಷಧ ನಡೆದಿದೆ, ಶಾಲೆ ನಡೆದಿದೆ. ದೇವದುರ್ಗದ ಬಸ್ಸು ಈಗ ಉಲ್ಟಾ ಆಗಿದೆ, ಶನಿವಾರ ಸಂಜೆ ಮಾಮನೇ ಬರುತ್ತಾರೆ. ಗೋಡೆಗೆ ಈ ವರ್ಷದ ಕ್ಯಾಲೆಂಡರು. ಪ್ರತಿ ಮನೆಯಲ್ಲೂ ಕೆಂಪು ಅಂಕ. ಎರಡು, ಎರಡು, ಮೂರು, ಒಂದು. ನಡುವೆ ಒಂದು ವಾರ ಏಳು. ಶನಿವಾರ, ಭಾನುವಾರದ ಮನೆಗಳಲ್ಲಿ ಮಾತ್ರ ಕೆಂಪಿನ ಪಕ್ಕ ಪೆನ್ಸಿಲಿನ ಇನ್ನೊಂದು ಅಂಕ. ಅದು ಮಾಮನದು. ಅಕ್ಕ ಬರೆಯುವ ಮೊದಲು ಅವರು ಊಹಿಸಿ ಬರೆಯಬೇಕಂತೆ. ತಪ್ಪಾದಲ್ಲೆಲ್ಲ ಅಕ್ಕ ಶಾಲೆಯ ಮಕ್ಕಳಿಗೆ ಹಾಕುವ ಹಾಗೆ ಅಡ್ಡಗೆರೆ ಎಳೆದಿದ್ದಳು. ಪುಟದ ತುಂಬ ಅಡ್ಡಗೆರೆ.

"ಹೊಳ್ಳಿ ಹೊಳ್ಳಿ ಫೇಲ್ ಮಾಡ್ತಾಳ ನೋಡು ವಕೀಲಮ್ಮ," ಎಂದರು ಮಾಮ, ಇವತ್ತಿನ ಮನೆಯಲ್ಲಿ ಮೂರು ಎಂದು ಬರೆಯುತ್ತ.

ಅಕ್ಕ ಅವರ ಕೈಯಿಂದ ಪೆನ್ಸಿಲು ತೆಗೆದುಕೊಂಡು ನನ್ನ ಮುಂದೆ ಹಿಡಿದಳು. "ನೀನೂ ಬರಿ. ನಿನಗ ಎಲ್ಲಾ ಗೊತ್ತಲ್ಲ."

ತಾರೀಖು ನೋಡಿದೆ. ಹಿಂದಿನ ತಿಂಗಳ ಬೊಟ್ಟು ನೋಡಿದೆ. ದಿನ ಎಣಿಸಿದೆ, ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದೆ. ಉತ್ತರ ನಾಲಗೆಯ ತುದಿಗೆ ಬಂತು, ಅದಕ್ಕೆ ಮೂರು ಕಾರಣಗಳ ಸಮೇತ. ಪೆನ್ಸಿಲನ್ನು ಕೆಳಗಿಟ್ಟೆ.

"ಅಕ್ಕಾ, ಇವತ್ತ ಎಷ್ಟು?"

"ಕೂಡು," ಎಂದಳು ಅಕ್ಕ, ಸ್ಟೋವಿನ ಕಡೆ ತಿರುಗಿ. "ಚಾ ಇಡ್ತೀನಿ. ಹೇಳ್ತೀನಿ."